ಫೋರ್ ಎಂದು ಕೂಗಿದೆ

ಗಂಡನ ಹತ್ತಿರ ಸುಳಿಯದೆ ಎಷ್ಟೋ ವಾರಗಳಾಗಿದ್ದವು. ಜಗಳವೇನಲ್ಲ. ನಾನು ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರು, ಅವನು ಚಿಕ್ಕಂದಿನಿಂದ ಆಸ್ತಮಾ ಇರುವ ಸಾಫ್ಟ್‌ವೇರ್ ಎಂಜಿನಿಯರು, ಊರಿಗೆಲ್ಲ ಕೊರೊನಾ ಬಂದಿತ್ತು. ಬ್ಲಾಂಚರ್ಡ್ಸ್‌ಟೌನ್‌ನ ನಮ್ಮ ಪರದೇಶದ ಬಾಡಿಗೆ ಮನೆ ಎರಡು ಪಾಲಾಗಲು ಇಷ್ಟು ಸಾಕಾಯಿತು. ಮಹಡಿಯ ಕೋಣೆ ಅವನಿಗೆ, ಕೆಳಗಿನ ಸೋಫಾ ನನಗೆ. ಅಡುಗೆ ಅವನದು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಅವನು ಹಿಂದೆ ಸರಿದ ಮೇಲೆ ನಾನು ಹೋಗಿ ಎತ್ತಿಕೊಳ್ಳುತ್ತಿದ್ದೆ.

ಮೈಸೂರಿನಲ್ಲಿ ನನ್ನ ಅಜ್ಜಿ ಮಡಿಯುಟ್ಟು "ಮುಟ್ಟಬೇಡ್ವೇ" ಎಂದಾಗಲೆಲ್ಲ ಬೇಕೆಂದೇ ಓಡಿಹೋಗಿ ಮುಟ್ಟುತ್ತಿದ್ದವಳು ನಾನು. ಈಗ ಅಜ್ಜಿಯನ್ನೂ ಮೀರಿಸಿದ ಮಡಿ ನನ್ನದಾಗಿತ್ತು. ವ್ಯತ್ಯಾಸ ಇಷ್ಟೇ, ಮೈಲಿಗೆ ನಾನೇ ಆಗಿದ್ದೆ. ಅವನು ಮಹಡಿಯಿಂದ "ಏನು ಮಡಿಯಮ್ಮಾ, ಊಟ ಆಯ್ತಾ?" ಎಂದು ಛೇಡಿಸುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಅವನಂಥ ಎದೆಯವರು ವಾರ್ಡಿನಲ್ಲಿ ಉಸಿರಿಗಾಗಿ ಒದ್ದಾಡುವುದನ್ನು ಅವನು ನೋಡಿರಲಿಲ್ಲ, ನಾನು ನೋಡಿದ್ದೆ.

ಮೊದಲ ಲಾಕ್‌ಡೌನ್ ಸ್ವಲ್ಪ ಸಡಿಲವಾದಾಗ ಕೌನ್ಸಿಲ್‌ನವರ ಗಾಲ್ಫ್ ಕೋರ್ಸ್ ತೆರೆಯಿತು. ಮನೆಯಿಂದ ಓಡಾಡಲು ಸರ್ಕಾರ ಬಿಟ್ಟಿದ್ದ ಐದು ಕಿಲೋಮೀಟರಿನೊಳಗೇ ಇತ್ತು. ಮೆಂಬರ್‌ಶಿಪ್ಪು, ಟೈ ಎಂಬ ಯಾವ ಗತ್ತೂ ಇಲ್ಲದ ಜಾಗ. ಬಸ್ ಓಡಿಸುವವರು, ರಿಟೈರಾದ ಮೇಷ್ಟ್ರುಗಳು ಬಂದು ಆಡಿಹೋಗುತ್ತಿದ್ದರು. ಇಬ್ಬರೂ ಒಂದೇ ಆಕಾಶದ ಕೆಳಗೆ, ದೂರ ದೂರ ನಡೆಯಬಹುದಲ್ಲ ಎಂದು ನಾನೇ ಅವನನ್ನು ಹೊರಡಿಸಿದೆ. ಅವನು ಬಸ್ಸಿನಲ್ಲಿ ಹೋಗುವುದು ಬೇಡವೆಂದು ಕಾರು ಅವನಿಗೆ ಕೊಟ್ಟು ನಾನು ಸೈಕಲ್ ತುಳಿದೆ.

ಆ ಕೋರ್ಸ್ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಹೆದರುವವರ ಮನಸ್ಸು ಬಲ್ಲವನು. ಏಳನೆಯ ಹೋಲ್, ಅಂದರೆ ಏಳನೆಯ ಕುಳಿಗೆ ಚೆಂಡು ಹೊಡೆದುಕೊಂಡು ಹೋಗುವ ದಾರಿ, ನನಗೆ ಬಹಳ ಇಷ್ಟ. ಬಲಕ್ಕೆ ತೊರೆ, ಅದರಾಚೆ ಓಕ್ ಮರಗಳ ಸಾಲು. ತೊರೆಯ ಮೇಲಿಂದ ಹಾರಿಸುವ ಧೈರ್ಯ ಇದ್ದವರಿಗೆ ಹತ್ತಿರದ ದಾರಿ. ಇಲ್ಲದವರಿಗೆಂದು ಎಡಗಡೆ ಧಾರಾಳವಾಗಿ ಹುಲ್ಲು ಬಿಟ್ಟಿದ್ದ. ಸುತ್ತು ಜಾಸ್ತಿ, ಒಂದು ಹೊಡೆತ ಹೆಚ್ಚು ಬೇಕು, ಆದರೆ ಯಾವ ಗಂಡಾಂತರವೂ ಇಲ್ಲ. ಹೆದರಿದ್ದಕ್ಕೆ ಅವಮಾನ ಮಾಡುತ್ತಿರಲಿಲ್ಲ ಆ ಜಾಗ. ನಾನು ಯಾವಾಗಲೂ ಎಡಗಡೆಯವಳು.

ಅಂದು ಅವನು ಬಲಕ್ಕೆ ಹೊಡೆದ. ಚೆಂಡು ತೊರೆ ದಾಟಿ ಮರಗಳ ನಡುವೆ ಬಿತ್ತು. ಅದನ್ನು ಹುಡುಕಲು ಮುಂದೆ ನಡೆದುಹೋದ. ಅವನು ಒಂದು ದಪ್ಪ ಓಕ್ ಮರದ ಹಿಂದೆ ಮರೆಯಾದದ್ದನ್ನು ನೋಡಿಕೊಂಡೇ ನಾನು ಎಡಕ್ಕೆ ಗುರಿಯಿಟ್ಟೆ. ಚೆಂಡು ನನ್ನ ಕೈಯ ಕ್ಲಬ್ಬಿನ, ಹೊಡೆಯುವ ಕೋಲಿನ, ಅಂಚಿಗೆ ತಗುಲಿ ಸಿಡಿದು, ನೇರವಾಗಿ ಬಲಕ್ಕೆ, ಮರಗಳತ್ತ ಹೋಯಿತು.

ಅಂಥ ಸಮಯದಲ್ಲಿ "ಫೋರ್" ಎಂದು ಕೂಗಬೇಕು, ಕೇಳಿದವರು ತಲೆ ತಗ್ಗಿಸಬೇಕು. ಗೇಟಿನ ಹತ್ತಿರ ಬೋರ್ಡೇ ಇದೆ. ನಾನು ಗಂಟಲು ಹರಿಯುವಂತೆ ಕೂಗಿದೆ, "ಫೋರ್!"

ಅವನು ಜಯನಗರದ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಫೋರ್ ಎಂದರೆ ಅವನ ರಕ್ತಕ್ಕೆ ಒಂದೇ ಅರ್ಥ. ಮರದ ಮರೆಯಲ್ಲಿ ತಣ್ಣಗಿದ್ದವನು, ಬೌಂಡರಿ ನೋಡಲೆಂದು ಹೊರಗೆ ಬಂದು, ಎದೆ ತೆರೆದು, ಮುಖವೆತ್ತಿ ಆಕಾಶ ನೋಡಿದ.

ಚೆಂಡು ಅವನ ಎದೆಗೆ ಬಡಿದ ಸದ್ದು ನನಗೆ ಕೇಳಿಸಿತು. ಕುಸಿದು ಕೂತ.

ತೊರೆಯ ಮೇಲಿನ ಸೇತುವೆ ದಾಟಿದ್ದು ನೆನಪಿಲ್ಲ. ನಾನು ಅವನ ಹತ್ತಿರ ಮಂಡಿಯೂರಿದಾಗ ಅವನು ಉಸಿರೆಳೆಯುತ್ತಿದ್ದ, ಒಳಗೆ ಸೀಟಿ ಊದಿದಂಥ ಸದ್ದು. ಜೇಬಿನಲ್ಲಿದ್ದ ಇನ್‌ಹೇಲರ್ ತೆಗೆದು ಬಾಯಿಗಿಟ್ಟೆ. ಬೆನ್ನಿಗೆ ಕೈಕೊಟ್ಟು ನೆಟ್ಟಗೆ ಕೂರಿಸಿದೆ. ಅವನ ಹಣೆ ನನ್ನ ಭುಜಕ್ಕೆ ಒರಗಿತು. ನಮ್ಮ ಹಿಂದೆ ಆಡುತ್ತಿದ್ದ ಮುದುಕರೊಬ್ಬರು ಓಡಿಬಂದವರು, ಎರಡು ಮೀಟರ್ ದೂರದಲ್ಲಿ ಗಕ್ಕನೆ ನಿಂತು, ಟೋಪಿ ಹಿಸುಕುತ್ತಾ "ಹಿ'ಲ್ ಬಿ ಗ್ರ್ಯಾಂಡ್, ಹಿ'ಲ್ ಬಿ ಗ್ರ್ಯಾಂಡ್" ಎನ್ನುತ್ತಿದ್ದರು. ನಮ್ಮೂರಲ್ಲಿ ಮದುವೆ ಗ್ರ್ಯಾಂಡ್ ಆಗುತ್ತದೆ. ಇಲ್ಲಿ ಉಸಿರಾಡುತ್ತಿದ್ದರೆ ಸಾಕು, ಮನುಷ್ಯ ಗ್ರ್ಯಾಂಡ್.

ಸೀಟಿ ನಿಧಾನವಾಗಿ ಇಳಿಯಿತು. ಮೂಳೆ ಮುರಿದಿರಲಿಲ್ಲ. ಅವನು ಕಣ್ಣು ಬಿಟ್ಟು ಮೊದಲು ಹೇಳಿದ್ದು, "ಮಡಿಯಮ್ಮಾ, ಮುಟ್ಟಿಬಿಟ್ಟೆ."

ಆಗ ಎಚ್ಚರವಾಯಿತು. ಮಾಸ್ಕ್ ಇಲ್ಲದ ನನ್ನ ಮುಖ ಅವನ ಬಾಯಿಯ ಪಕ್ಕದಲ್ಲೇ ಇತ್ತು. ಕೈ ಸುಟ್ಟಂತೆ ಎದ್ದು ದೂರ ಸರಿದೆ.

ಅಂದು ಸಂಜೆ ವಾರ್ಡಿನಿಂದ ಫೋನ್ ಬಂತು. ನನ್ನ ಜೊತೆ ಪಾಳಿ ಮಾಡಿದ್ದ ನರ್ಸ್ ಒಬ್ಬಳಿಗೆ ಪಾಸಿಟಿವ್, ನೀವೂ ಟೆಸ್ಟ್ ಮಾಡಿಸಿ ಎಂದರು. ವಾರಗಟ್ಟಲೆ ಕಾಯ್ದುಕೊಂಡು ಬಂದದ್ದನ್ನೆಲ್ಲ ಒಂದೇ ಗಳಿಗೆಯಲ್ಲಿ ನಾನೇ ಅವನ ಬಾಯಿಗೆ ಊದಿಬಂದೆನೇನೋ ಎನ್ನಿಸಿತು.

ಮೆಟ್ಟಿಲ ಬುಡದಲ್ಲಿ ನಿಂತು ಅವನಿಗೆ ಹೇಳಿದೆ. ಅವನು ಮೇಲಿನಿಂದ, "ಈಗ್ಯಾಕೆ ದೂರ ನಿಂತಿದೀಯಾ? ಆಗೋದು ಆಗೋಗಿದೆ, ಮೇಲೆ ಬಾ," ಎಂದ.

"ಆಗಿಲ್ಲ ಅಂದ್ರೆ?" ಎಂದೆ. ಹೋಗಲಿಲ್ಲ.

ಸ್ವ್ಯಾಬ್ ಕೊಟ್ಟು ಬಂದು ಕಾದೆ. ಅವನು ಕೆಮ್ಮಿದರೆ ನನ್ನ ಜೀವ ಹೋಗುತ್ತಿತ್ತು, ಕೆಮ್ಮದಿದ್ದರೆ ಯಾಕೆ ಸದ್ದೇ ಇಲ್ಲವೆಂದು ಹೋಗುತ್ತಿತ್ತು. "ಜ್ವರ ನೋಡ್ಕೊಂಡ್ಯಾ?" ಎಂದು ಕೇಳಿ ಕೇಳಿ, ಕೊನೆಗೆ ಅವನು ಬೈದು ಬಾಗಿಲು ಹಾಕಿಕೊಂಡ. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಾ ಅವನ ಉಸಿರಿನ ಸದ್ದಿಗೆ ಕಿವಿಗೊಟ್ಟೆ.

ನೆಗೆಟಿವ್ ಎಂದು ಮೆಸೇಜ್ ಬಂತು. ಆದರೂ ನಾನು ನಂಬಲಿಲ್ಲ. ಕಾಯಬೇಕಾದಷ್ಟು ದಿನ ಕಾದು, ಮತ್ತೊಮ್ಮೆ ಟೆಸ್ಟ್ ಮಾಡಿಸಿ, ಅದೂ ನೆಗೆಟಿವ್ ಬಂದ ಮೇಲೇ ಅವನನ್ನು ಕೆಳಗೆ ಕರೆದೆ. ಅವನಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. ಎದೆಯ ಮೇಲೆ ಹಳದಿಗೆ ತಿರುಗಿದ ಗಾಯ ಮಾತ್ರ ಉಳಿದಿತ್ತು.

ಅವನು ಕೊನೆಯ ಮೆಟ್ಟಿಲು ಇಳಿಯುತ್ತಲೇ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಇಷ್ಟು ಕಾದದ್ದು ಇದಕ್ಕೇ, ಆದರೂ ಸರಿದೆ. ಅವನು ಅದನ್ನು ನೋಡಿ ಅಲ್ಲೇ ನಿಂತ. ಮುಖ ಚಿಕ್ಕದಾಯಿತು. ಆಮೇಲೆ ಮೆಲ್ಲಗೆ, ಗುಟ್ಟು ಹೇಳುವವನಂತೆ, "ಫೋರ್" ಎಂದ.

ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ಹಾಗೇ ತಂದು ಅವನ ಎದೆಗೆ, ಗಾಯದ ಪಕ್ಕಕ್ಕೆ ಆನಿಸಿದೆ. ಒಳಗೆ ಸೀಟಿಯ ಸದ್ದು ಇರಲಿಲ್ಲ.