ಓಡುವ ಮಗ್ಗಕ್ಕೆ ಕಳಕೇಶನ ಬ್ಯಾಟರಿ

ಗಜೇಂದ್ರಗಡದಾಗ ಕಂಪ್ಯೂಟರ್ ಕೆಟ್ಟರೆ ಹದಿನೆಂಟು ವರ್ಷದಿಂದ ಒಂದೇ ಹೆಸರು, ಕಳಕೇಶ. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ರೇಡಿಯೋ ಬಿಚ್ಚಿ ಬಿಚ್ಚಿ ಕಲಿತವನು. ಅವನ ಮದ್ದೂ ಒಂದೇ: "ಬಂದ್ ಮಾಡ್ರಿ, ತಿರುಗಿ ಚಾಲೂ ಮಾಡ್ರಿ." ಅದಕ್ಕೂ ಬಗ್ಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ತುಂಬುತ್ತಿದ್ದ. ಊರು ಅದನ್ನೇ ವಿದ್ಯೆ ಅಂತ ನಂಬಿತ್ತು.

ಅಂಥವನು ಇವತ್ತು ನೇಕಾರ ಮುತ್ತಣ್ಣನ ಬಾಗಿಲಲ್ಲಿ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಸೀರೆಯ ಮೇಲೆ ಬುಟ್ಟಾ ಚಿತ್ತಾರ ಎತ್ತುವ ಮಗ್ಗದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಾಗ, "ಇದು ಮುಗೀತು, ಹೊಸಾದು ತರ್ರಿ" ಅಂದು ಕೈ ತೊಳೆದುಕೊಂಡಿದ್ದವನು ಅವನೇ. ಮುತ್ತಣ್ಣನ ಸೊಸೆ ಭಾಗ್ಯಾ ಅದನ್ನು ಒಂದು ಪೆನ್‌ಡ್ರೈವಿನಿಂದ ಎಬ್ಬಿಸಿ ಕೂಡಿಸಿದ್ದಳು. ಡಿಸ್ಕಿಲ್ಲ ಗಿಸ್ಕಿಲ್ಲ, ಎಲ್ಲವೂ ಯಂತ್ರದ ತಾತ್ಕಾಲಿಕ ನೆನಪಿನಲ್ಲೇ ಓಡುತ್ತಿತ್ತು. ಸೀರೆ ಯಾವ ಎಳೆಗೆ ಬಂದಿದೆ ಅನ್ನುವುದೂ ಅಲ್ಲೇ. ಯಂತ್ರ ಆರಿದರೆ ಸೀರೆ ಕೆಟ್ಟಂತೆ. ರೋಣದ ಮದುವೆಯವರು ನಾಳೆ ಬರುವವರು.

ಈಗ ಸೆರಗಿನ ನಕ್ಷೆ ಬೇಕು. ನಕ್ಷೆ ಇರುವ ಮೆಮೊರಿ ಕಾರ್ಡ್ ಓದುವ ತಂತ್ರಾಂಶ ಯಂತ್ರದಲ್ಲಿಲ್ಲ.

"ಬಂದ್ ಮಾಡದ ಹ್ಯಾಂಗ ಸೇರಸ್ತೀ? ಹುಚ್ಚಿ ಏನು?" ಕಳಕೇಶ ಗದರಿದ.

ಭಾಗ್ಯಾ ತಿರುಗಿ ನೋಡಲಿಲ್ಲ. "ಮಾಡ್ಯೂಲ್ ಅಂತ ಸಣ್ಣ ತುಣುಕು ಇರ್ತಾವ್ರಿ ಅಣ್ಣಾರ. ಓಡೂ ಹೊತ್ತಿನ್ಯಾಗ ಒಳಗ ಹಾಕಬಹುದು, ಬ್ಯಾಡಾದಾಗ ತಗೀಬಹುದು."

ಮುತ್ತಣ್ಣ ನಕ್ಕ. "ಹಾಸಿನ ನೂಲು ಮುಗಿದ್ರ ನಾವೇನು ಮಗ್ಗ ಬಿಚ್ಚತೀವೇನೋ? ಹಳೇ ಎಳೀಗೆ ಹೊಸಾ ಎಳಿ ಹೊಸೆದು ಕೆಚ್ಚಿ ಮುಂದ ನೇಯತೀವಿ. ನೇಕಾರ ಓಣ್ಯಾಗ ಹುಟ್ಟಿ ಇಷ್ಟೂ ತಿಳೀಲಿಲ್ಲ ನಿನಗ!"

ಪಕ್ಕದ ಮನೆಯ ಲಾಲಬಿ, ಕಳಕೇಶನ ಹಳೇ ಗಿರಾಕಿ, ಬಾಗಿಲಿಗೇ ಬಂದು ಕೂಗಿದಳು. "ಭಾಗ್ಯಾ, ನಮ್ಮ ಮನೀ ಕಂಪ್ಯೂಟರೂ ಒಂದಿಷ್ಟು ನೋಡವಾ."

ಕಳಕೇಶನ ಕಿವಿ ಕಾದವು. ಮೆಣಸಗಿಯಿಂದ ಮೊನ್ನೆ ಸೊಸೆಯಾಗಿ ಬಂದ ಹುಡುಗಿ! ಕೆಡಲಿ, ಕೆಟ್ಟು ಹೋಗಲಿ, ಅಂದುಕೊಂಡ. ಕೆಡುವ ದಾರಿ ಮೂಲೆಯಲ್ಲೇ ಕಂಡಿತು. ಕರೆಂಟು ಹೋದಾಗ ಕಾಯಬೇಕಾದ ಯುಪಿಎಸ್, ತಾನೇ ಕೂಡಿಸಿದ್ದು. ಡಿಸ್ಕ್ ನೋಡಲು ಬಂದಾಗಲೇ ಅದರ ಬ್ಯಾಟರಿ ಸತ್ತದ್ದು ಕಂಡಿದ್ದ; ಅದು ಅವನೊಬ್ಬನಿಗೇ ಗೊತ್ತು. ಇವತ್ತು ಹನ್ನೆರಡಕ್ಕೆ ತಂತಿ ರಿಪೇರಿಗೆಂದು ಕರೆಂಟು ತೆಗೆಯುವವರಿದ್ದರು. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

"ಮಾವಾರ, ಸೇರಿತ್ರಿ!" ಭಾಗ್ಯಾ ಕೂಗಿದಳು. ಮಗ್ಗ ಸದ್ದು ಮಾಡಿತು. ಕಳಕೇಶ ತಪ್ಪು ಹುಡುಕಲೆಂದೇ ಸೆರಗಿನ ಮೇಲೆ ಬಗ್ಗಿದ. ಮೊದಲ ಸಾಲಿನ ಮಾವಿನಕಾಯಿ ಬುಟ್ಟಾ ಎದ್ದಿತ್ತು, ಒಂದು ಎಳೆಯೂ ಅತ್ತಿತ್ತ ಆಗದೆ. ಎರಡನೆಯದನ್ನೂ ನೋಡಿದ. ಹಾಳಾಗಿ ಹೋಗಲಿ, ಅದೂ ಸರಿಯಾಗಿತ್ತು.

ಹಲ್ಲು ಕಡಿಯುತ್ತ ಹೊರಗೆ ಹೋದ. ತನ್ನ ಬೈಕ್ ಗಾಡಿಯ ಬ್ಯಾಟರಿ ಕಿತ್ತು ತಂದು, ಎಲ್ಲರೂ ಸೆರಗು ನೋಡುತ್ತಿದ್ದಾಗ ಮೇಜಿನ ಕೆಳಗೆ ತೂರಿ, ಯುಪಿಎಸ್‌ನ ಸತ್ತ ಬ್ಯಾಟರಿ ಬಿಚ್ಚಿ ಇದನ್ನು ಕೂಡಿಸಿದ. ಯಂತ್ರ ಬಂದ್ ಮಾಡಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಕರೆಂಟು ಹೋಯಿತು. ಪರದೆ ಬೆಳಗುತ್ತಲೇ ಇತ್ತು.

"ನೋಡ್ರಿ ನಮ್ಮ ಸೊಸಿ ಕೈಗುಣಾ!" ಅಂದ ಮುತ್ತಣ್ಣ.

ಕಳಕೇಶ ಹೊರಬಿದ್ದ. ಗಾಡಿ ಚಾಲೂ ಆಗುವ ಮಾತೇ ಇಲ್ಲ. ಸುಡುವ ಬಿಸಿಲಿನಲ್ಲಿ ತಳ್ಳುತ್ತ ಹೊರಟವನಿಗೆ ಲಾಲಬಿ ಎದುರಾದಳು.

"ಏನ್ ಕಳಕೇಶಪ್ಪಾ, ಕೆಟ್ಟೈತೇನು? ಬಂದ್ ಮಾಡಿ ಚಾಲೂ ಮಾಡಿ ನೋಡಿದ್ಯೇನು?"

"ನೋಡೇನವ್ವಾ," ಅಂದು ಕಳಕೇಶ ಇನ್ನಷ್ಟು ಜೋರಾಗಿ ತಳ್ಳಿದ.