ಮರ ಹತ್ತಿದವನಿಗೆ ಹೆಸರಿಲ್ಲ

ನಿಲ್ಕುಂದದ ಹೊಳೆ ದಂಡೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಪ್ಪೆಮಾವಿನ ಮರದ ಬುಡದಲ್ಲಿ ನಾಗಿ ಕತ್ತು ಮೇಲೆತ್ತಿ ನಿಂತಿದ್ದಾರೆ. ಕೈಯಲ್ಲಿ ಹಗ್ಗ. ಅದರ ಇನ್ನೊಂದು ತುದಿ ಎಲೆಗಳ ನಡುವೆ ಎಲ್ಲೋ ಹೋಗಿ ಮರೆಯಾಗಿದೆ. ಅಲ್ಲಿ ಅವರ ಮೈದುನ ಕೆರಿಯಪ್ಪ ಕೊಂಬೆಗೆ ಕಾಲು ಹೆಣೆದು ಕೂತು ಉಪ್ಪಿನಕಾಯಿಯ ಮಿಡಿ ಕೊಯ್ಯುತ್ತಿದ್ದಾರೆ. ನಾಗಿ ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಹಾಕುತ್ತಾರೆ. ಮೇಲಿನಿಂದ ‘ಕೂ’ ಎಂದು ಉತ್ತರ ಬರುತ್ತದೆ. ಅದು ಬಂದ ಮೇಲಷ್ಟೇ ಅವರ ಹೆಗಲು ಸ್ವಲ್ಪ ಇಳಿಯುತ್ತದೆ.

ಬೇಸಿಗೆಯಾದರೂ ಈ ಹೊತ್ತಿಗೆ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸಿ, ಕಂಬಳಿ ಕೊಪ್ಪೆ ಹಾಕಿ ನಿಲ್ಲಬೇಕಿತ್ತು. ಈಗ ನಾಗಿಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದೆ. ಹೊಳೆಯೆಂದರೆ ಹೆಸರಿಗೆ ಹೊಳೆ. ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಹಸಿರು ನೀರು ನಿಂತಿದೆ, ಅಷ್ಟೆ. ರಾತ್ರಿಯ ಸೆಕೆ ಇಳಿಯುವ ಮೊದಲೇ ಹಗಲಿನ ಸೆಕೆ ಬಂದು ಕೂತುಬಿಟ್ಟಿದೆ.

ಮಿಡಿಯ ಕೆಲಸ ನಾಜೂಕಿನದು. ತೊಟ್ಟು ಮುರಿಯಬಾರದು, ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳವೂ ಹೋಗುತ್ತದೆ. ನೆಲಕ್ಕೆ ಬೀಳಬಾರದು, ಬಿದ್ದ ಮಿಡಿ ನೋಡಲು ಚೆಂದವಾಗಿಯೇ ಇರುತ್ತದೆ, ಮಳೆಗಾಲಕ್ಕೆ ಭರಣಿಯೊಳಗೆ ಕೊಳೆತು ಜೊತೆಯವನ್ನೂ ಕೆಡಿಸುತ್ತದೆ. ಅದಕ್ಕೇ ಮೇಲೆ ಕೊಯ್ದದ್ದು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಯಬೇಕು, ಕೆಳಗೊಬ್ಬರು ಅದನ್ನು ಕೈಯಲ್ಲೇ ಹಿಡಿಯಬೇಕು. ಆ ಕೆಳಗಿನವರು ನಾಗಿ. ಮದುವೆಯಾಗಿ ಬಂದ ವರ್ಷದಿಂದ ಅವರ ಬೇಸಿಗೆಗಳೆಲ್ಲ ಕಳೆದದ್ದು ಹೀಗೆ, ಮರದ ಬುಡದಲ್ಲಿ, ಮೇಲೆ ನೋಡುತ್ತ.

ಮಿಡಿ ಕೊಯ್ಯುವವರ ಬಗ್ಗೆ ಬರೆಯಲು ಬಂದವರೂ ಮೇಲೆಯೇ ನೋಡುತ್ತಾರೆ. ಒಮ್ಮೆ ಯಾರೋ ತೆಗೆದ ಪಟ ಪೇಪರಿನಲ್ಲಿ ಬಂದಿತ್ತು. ಅದರಲ್ಲಿ ಮರವಿದೆ, ಮರದ ಮೇಲೆ ನಾಗಿಯ ಗಂಡ ಬೈರ ಇದ್ದಾರೆ, ಮೂಲೆಯಲ್ಲಿ ಹಗ್ಗ ಹಿಡಿದ ಒಂದು ಕೈಯಿದೆ. ಅದು ತನ್ನದೇ ಕೈ ಎಂದು ನಾಗಿ ಬಳೆ ನೋಡಿ ಗುರುತಿಸಿದರಂತೆ. ಎಲೆಮರೆಯ ಕಾಯಿ ಎಂಬ ಮಾತನ್ನು ನಾವು ಯಾರ್ಯಾರಿಗೋ ಅಂಟಿಸುತ್ತೇವೆ. ಎಲೆಯ ಮರೆಯೂ ಸಿಗದೆ ಬುಡದಲ್ಲೇ ಉಳಿದವರಿಗೆ ಮಾತ್ರ ಹೇಳುವುದಿಲ್ಲ. ಆದರೆ ಮರದ ಲೆಕ್ಕ ಅವರ ಮೈಮೇಲಿದೆ. ಸೊನೆ ಸಿಡಿದು ಸುಟ್ಟ ಕಪ್ಪು ಕಲೆಗಳು ಹಣೆ, ಕೆನ್ನೆ, ಹೆಗಲ ತುಂಬ. ಹತ್ತಿದವರಿಗಿಂತ ಕೆಳಗೆ ನಿಂತವರಿಗೇ ಸೊನೆ ಹೆಚ್ಚು.

ಈ ವರ್ಷ ಮಳೆ ದೀಪಾವಳಿ ಕಳೆದರೂ ಬಿಡಲಿಲ್ಲ. ಚಳಿ ಬಂದಂತೆ ಮಾಡಿ ಹೋಯಿತು. ಹೂ ಬಿಟ್ಟಾಗ ಮೋಡ ಕವಿಯಿತು, ಮೋಡ ಸರಿದಾಗ ಬೆಂಕಿಯಂಥ ಬಿಸಿಲು ಬಿತ್ತು. ಒಂದೇ ಮರದ ಒಂದು ಕೊಂಬೆಯಲ್ಲಿ ಮಿಡಿ ಬಲಿತು ಗೊರಟು ಕಟ್ಟಿದೆ, ಇನ್ನೊಂದರಲ್ಲಿ ಈಗಷ್ಟೇ ಹೂವು. “ಮೊದ್ಲೆಲ್ಲ ಮರ ನೋಡಿ ದಿನ ಹೇಳ್ಲಕ್ಕಿತ್ತು,” ಎನ್ನುತ್ತಾರೆ ನಾಗಿ. “ಈಗ ಮರಕ್ಕೇ ಗೊತ್ತಿಲ್ಲ, ಇದು ಯಾವ ತಿಂಗ್ಳು ಹೇಳಿ. ಅದ್ರ ಹತ್ರ ಎಂತ ಕೇಳುದು?” ಮೊದಲು ಒಂದೇ ಮರ ಬೆಳಗಿನೊಳಗೆ ನಾಲ್ಕೈದು ಸಾವಿರ ಮಿಡಿ ಕೊಡುತ್ತಿತ್ತು. ಈಗ ಉಮ್ಮಚಗಿಯವರೆಗೆ ಬಸ್ಸು ಹಿಡಿದು ಹೋಗಿ, ಮೂರು ಮರ ಹತ್ತಿಳಿದರೂ ಸಾವಿರ ದಾಟುವುದಿಲ್ಲ. ಅವರಿಂದ ಮಿಡಿ ಕೊಂಡು ಶಿರಸಿ ಪೇಟೆಗೆ ಉಪ್ಪಿನಕಾಯಿ ಹಾಕಿಕೊಡುವ ರಾಜೀವಿ ಅವರದ್ದೂ ಅದೇ ರಾಗ. “ಮಿಡಿ ಬತ್ತಿಲ್ಲೆ ಹೇಳಿ ಗೊತ್ತಿದ್ದು. ಆದ್ರೂ ಆನು ದಿನಾ ಭರಣಿ ಒರೆಸಿ ಬಿಸ್ಲಿಗೆ ಇಡ್ತೆ. ಮತ್ತೆಂತ ಮಾಡದು?” ಎನ್ನುತ್ತಾರೆ ಅವರು, ಬಾರದ ಮಿಡಿಗೆ ಕಾಯುತ್ತ.

ಮಿಡಿ ಕೊಯ್ಯುವವರಲ್ಲಿ ಒಂದು ಕಟ್ಟಳೆಯಿದೆ. ಮೇಲೆ ಇರುವವನನ್ನು ಕೆಳಗಿನಿಂದ ಹೆಸರು ಹಿಡಿದು ಕರೆಯಬಾರದು. ಮರ ಹತ್ತಿದವನಿಗೆ ಹೆಸರಿಲ್ಲ ಎನ್ನುತ್ತಾರೆ. ಹೆಸರು ಕೇಳಿದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ತಿರುಗುತ್ತಾನೆ, ಮರದ ಮೇಲೆ ತಿರುಗಿದವನು ಉಳಿಯುವುದಿಲ್ಲ. ಅದಕ್ಕೇ ಈ ಕೂ. ನಾಗಿಗಂತೂ ಇದು ಪಾಲಿಸಲು ಕಷ್ಟವೇ ಇಲ್ಲದ ಕಟ್ಟಳೆಯಾಗಿತ್ತು. ಗಂಡನ ಹೆಸರನ್ನು ನೆಲದ ಮೇಲೂ ಹೇಳಿದವರಲ್ಲ ಅವರು. ವೋಟರ್ ಪಟ್ಟಿಯವರು ಬಂದು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯ ಮಂಜಿಯನ್ನು ಕರೆದು ಅವರ ಬಾಯಿಂದ ಹೇಳಿಸುತ್ತಿದ್ದರು. ಊರಿನಲ್ಲಿ ಇದೊಂದು ತಮಾಷೆಯೇ ಆಗಿತ್ತು.

ಎರಡು ಬೇಸಿಗೆಯ ಹಿಂದೆ, ತ್ಯಾಗಲಿ ಕಡೆಯ ಹೊಳೆ ದಂಡೆಯ ಒಂದು ಮರ. ಆ ವರ್ಷವೂ ಬಿಸಿಲು ಹೀಗೇ ಕಾದಿತ್ತು. ಇನ್ನೊಂದು ಹಳೇ ಪದ್ಧತಿಯಂತೆ ಬೈರ ಖಾಲಿ ಹೊಟ್ಟೆಯಲ್ಲಿ ಹತ್ತಿದ್ದರು. ಮರಕ್ಕೆ ಮುಂಚೆ ಮನುಷ್ಯ ಉಣ್ಣಬಾರದು ಎಂಬುದು ಹಿರಿಯರ ಮಾತು. ತಣ್ಣನೆಯ ಬೆಳಗಿನಲ್ಲಿ ಹುಟ್ಟಿದ ಮಾತು ಅದು, ಇಂಥ ಬೆಳಗಿಗೆ ಹೊಂದುವಂಥದ್ದಲ್ಲ. ಎರಡು ಬುಟ್ಟಿ ಇಳಿದವು. ಮೂರನೆಯದಕ್ಕೆ ನಾಗಿ ಕೂ ಹಾಕಿದರು, ಉತ್ತರ ಬರಲಿಲ್ಲ. ಮತ್ತೆ ಹಾಕಿದರು. ಎಲೆಗಳ ಸಂದಿಯಲ್ಲಿ ನೋಡಿದರೆ ಬೈರ ಕೊಂಬೆಗೆ ಹಣೆ ಆನಿಸಿ ಕೂತಿದ್ದರು, ನಿದ್ದೆ ಹೋದವರ ಹಾಗೆ. ಹುಟ್ಟಿದಾರಭ್ಯ ಆಡದ ಹೆಸರು ಆಗ ನಾಗಿಯ ಬಾಯಿಂದ ಹೊರಟಿತು, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ.

ಬೈರ ತಿರುಗಿದರು. “ನನ್ನನ್ನ ನೋಡುಕೆ ತಿರ್ಗಿದ್ರು,” ಎನ್ನುತ್ತಾರೆ ನಾಗಿ. ಅಷ್ಟು ಹೇಳಿ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ.

ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಬೈರ ಈಗ ಜಗಲಿಯ ಮಂಚದಿಂದ ಬಚ್ಚಲಿಗೆ ಹೋಗಬೇಕಾದರೂ ಇನ್ನೊಬ್ಬರ ಹೆಗಲು ಬೇಕು. ಸೆಕೆಗೆ ತಲೆ ಸುತ್ತಿದ್ದು, ಕರೆಯದಿದ್ದರೂ ಬೀಳುತ್ತಿದ್ದರು ಎಂದು ಡಾಕ್ಟರು ಹೇಳಿದ್ದಾರೆ. ತನ್ನ ಕೈ ಆಗಲೇ ಸಡಿಲವಾಗಿತ್ತು ಎಂದು ಬೈರ ಸ್ವತಃ ನೂರು ಸಲ ಹೇಳಿದ್ದಾರೆ. ಊರಿನವರು ಎದುರಿಗೆ ಏನೂ ಅನ್ನುವುದಿಲ್ಲ, ಆದರೆ ಗಂಡನ ಹೆಸರಿನ ತಮಾಷೆಯನ್ನು ಈಗ ಯಾರೂ ಮಾಡುವುದಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನಾಗಿಗೆ ಅಷ್ಟು ಸಾಕು. ಸಮಾಧಾನದ ಮಾತು ಎಷ್ಟೇ ಇದ್ದರೂ ಕೂಗಿದ ಬಾಯಿ ಅವರದ್ದೇ ತಾನೆ? ಈ ದುಃಖಕ್ಕೆ ಬಿಸಿಲನ್ನು ಹೊಣೆ ಮಾಡಿ ಹಗುರಾಗುವುದು ಅವರಿಂದ ಆಗಿಲ್ಲ. ಆಗಬೇಕು ಎಂದು ಹೇಳುವ ಹಕ್ಕು ನಮಗಾದರೂ ಎಲ್ಲಿದೆ?

ಆದರೂ ಮರದ ಬುಡ ಬಿಡಲಾಗಲಿಲ್ಲ. ಅಣ್ಣನ ನಂತರ ಹತ್ತಲು ಶುರುಮಾಡಿದ ಕೆರಿಯಪ್ಪ, ಕೆಳಗೆ ಅತ್ತಿಗೆಯೇ ಇರಬೇಕು ಎಂದು ಹಟ ಹಿಡಿದರು. ಒಪ್ಪಿಕೊಂಡ ನಾಗಿ ಹಿರಿಯರ ಒಂದು ಮಾತನ್ನು ಮುರಿದರು, ಇನ್ನೊಂದನ್ನು ಬಿಗಿ ಮಾಡಿದರು. ಈಗ ಅವರೆದುರು ಯಾರೂ ಹಸಿದ ಹೊಟ್ಟೆಯಲ್ಲಿ ಮರ ಮುಟ್ಟುವಂತಿಲ್ಲ. ಉಪ್ಪು ಹಾಕಿದ ಗಂಜಿ ತೆಳಿಯನ್ನು ಎದುರಿಗೇ ಕುಡಿಯಬೇಕು, ಮುರುಗಲ ಹಣ್ಣಿನ ನೀರಿನ ಬಾಟ್ಲಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ತಲೆಗೆ ಒದ್ದೆ ಪಂಚೆ ಸುತ್ತಬೇಕು. ಬಿಸಿಲು ಬುಡಕ್ಕೆ ಬಿದ್ದ ಕೂಡಲೇ ಇಳಿಯಬೇಕು, ಮೇಲೆ ಎಷ್ಟೇ ಮಿಡಿ ಉಳಿದಿರಲಿ. ಮತ್ತೆ ಹೆಸರು, ಅದು ಬೇಡವೇ ಬೇಡ. ಮೈದುನನನ್ನು ಮನೆಯಲ್ಲಿ ‘ಕೆರಿಯಪ್ಪ’ ಎಂದೇ ಕರೆಯುವವರು ಮರ ಕಂಡ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ.

ಈ ಬೆಳಿಗ್ಗೆ ಮೊದಲ ಬುಟ್ಟಿ ಇಳಿದಿದೆ. ನಾಗಿ ಅದನ್ನು ಎದೆಗೆ ಒತ್ತಿ ಹಿಡಿದು, ಮಿಡಿಗಳನ್ನು ಒದ್ದೆ ಗೋಣಿಯ ಮೇಲೆ ಹರವಿ, ಖಾಲಿ ಬುಟ್ಟಿ ಮೇಲಕ್ಕೆ ಕಳಿಸಿದ್ದಾರೆ. ಸ್ವಲ್ಪ ಹೊತ್ತಿಗೆ ಕೂ ಹಾಕುತ್ತಾರೆ. ಉತ್ತರವಿಲ್ಲ. ಇನ್ನೊಂದು ಕೂ. ಎಲೆ ಅಲುಗುವುದಿಲ್ಲ. ಅವರ ಮುಖದ ಬಣ್ಣ ಹೋಗುತ್ತದೆ. ತುಟಿ ಬಿರಿಯುತ್ತದೆ, ಒಳಗಿಂದ ಬಂದ ಹೆಸರು ನಾಲಿಗೆಯ ತುದಿಯವರೆಗೆ ಬಂದದ್ದು ನೋಡಿದವರಿಗೆ ತಿಳಿಯುತ್ತದೆ. ನಾಗಿ ಸೆರಗಿನ ತುದಿಯನ್ನು ಬಾಯೊಳಗೆ ತುರುಕಿ ಕಚ್ಚಿ ಹಿಡಿಯುತ್ತಾರೆ. ಹಗ್ಗವನ್ನು ಮೆಲ್ಲಗೆ ಎಳೆಯುತ್ತಾರೆ, ತೊಟ್ಟಿಲಿನ ಹಗ್ಗ ಎಳೆದ ಹಾಗೆ. ಒಂದು ಸಲ, ಇನ್ನೊಂದು ಸಲ.

ಹಗ್ಗ ಮೇಲಿನಿಂದ ತಿರುಗಿ ಜಗ್ಗುತ್ತದೆ. ಆಮೇಲೆ ಕೂ ಬರುತ್ತದೆ, ಜೊತೆಗೆ ಕೆಮ್ಮು. ಕೆರಿಯಪ್ಪ ಮುರುಗಲ ನೀರು ಕುಡಿಯುತ್ತಿದ್ದರಂತೆ, ಬಾಯಿ ತುಂಬ ನೀರಿತ್ತಂತೆ. ಅತ್ತಿಗೆಯೇ ಹೇಳಿದ ಮಾತು ಪಾಲಿಸುತ್ತಿದ್ದವರಿಗೆ ಬೈಯುವುದಾದರೂ ಹೇಗೆ? ನಾಗಿ ಬೈಯುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಮಿಡಿ ಆರಿಸತೊಡಗುತ್ತಾರೆ. ಸೆರಗಿನ ತುದಿಯಲ್ಲಿ ಹಲ್ಲಿನ ಗುರುತು ಹಾಗೇ ಇದೆ. ಅರ್ಧಕ್ಕರ್ಧ ಮಿಡಿ ಬಲಿತದ್ದು, ರಾಜೀವಿ ತೆಗೆದುಕೊಳ್ಳುವುದಿಲ್ಲ. ಬಿಸಿಲು ಬುಡಕ್ಕೆ ಬೀಳುತ್ತದೆ, ಕೆರಿಯಪ್ಪ ಇಳಿಯುತ್ತಾರೆ. ಇವತ್ತಿನ ಮರ ಮುಗಿಯಿತು.

ಮನೆಯ ಜಗಲಿಯಲ್ಲಿ ಬೈರ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಹೆಂಡತಿ ಬಂದದ್ದು ಹೆಜ್ಜೆಯಲ್ಲೇ ಗೊತ್ತಾಗುತ್ತದೆ, ಆದರೆ ತಿರುಗಲು ಸೊಂಟ ಬಿಡುವುದಿಲ್ಲ. ಜೊತೆಗೆ ಬಂದ ನಮ್ಮ ದನಿ ಕೇಳಿ ಅವರಿಗೆ ಹಳೇ ತಮಾಷೆಯ ನೆನಪಾಗುತ್ತದೆ. “ಒಂದ್ಸಲ ಕರ್ದಿದ್ಳು ನೋಡಿ, ಎಂಥಾ ಸ್ವರ! ‘ಈಗ ನೆಲದ್ ಮೇಲೇ ಇದ್ದೇನೆ, ಇನ್ನೊಂದ್ಸಲ ಕರಿ ಮಾರಾಯ್ತಿ, ಬೀಳುದಿಲ್ಲ’ ಹೇಳಿದ್ರೂ ಕರಿಯುದಿಲ್ಲ,” ಎಂದು ಗೋಡೆಗೇ ಹೇಳಿದಂತೆ ಹೇಳಿ ನಗುತ್ತಾರೆ. ನಾಗಿ ನಗುವುದಿಲ್ಲ. ಗಂಜಿ ತೆಳಿಯ ಲೋಟ ಮಂಚದ ಬದಿಗಿಟ್ಟು, ಗಂಡನ ಹೆಗಲಿಗೆ ಕೈ ಕೊಟ್ಟು ಮೆಲ್ಲಗೆ ಈ ಕಡೆ ಹೊರಳಿಸುತ್ತಾರೆ.

ನಾಗಿ ಅಂಗಳದ ಅಂಚಿನವರೆಗೆ ಬಂದು ಬೀಳ್ಕೊಡುವಾಗ, ಒಳ್ಳೆ ಮಿಡಿಯ ಮಾತು ಬರಬಹುದು ಎಂದುಕೊಂಡು, ಮುಂದಿನ ಬೇಸಿಗೆಗೆ ಏನು ಆಸೆ ಎಂದು ಕೇಳುತ್ತೇವೆ. ಅವರು ಕೈಯಲ್ಲಿದ್ದ ಹಗ್ಗ ಸುತ್ತಿ ಮುಗಿಸುತ್ತಾರೆ. ಆಮೇಲೆ ಜಗಲಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳುತ್ತಾರೆ:

“ಅವ್ರು ಎದ್ದು ಈ ಅಂಗಳದಾಗೆ ನಡೀಬೇಕು. ಹಿಂದಿಂದ ನಾನು ಒಂದ್ಸಲ ಹೆಸ್ರು ಹಿಡ್ದು ಕರೀಬೇಕು. ಅವ್ರು ತಿರ್ಗಿ ನೋಡ್ಬೇಕು. ಎಂತದೂ ಆಗ್ಬಾರ್ದು. ಅಷ್ಟೇ.”