ವೆನಿಸ್‌ನಲ್ಲಿ ನಾವು ನೆಲ ನೋಡಿದೆವು

ಮೂರು ಗಂಟೆಗೆ ಮುನ್ನೂರ ಇಪ್ಪತ್ತು ಯೂರೋ. ಊಟವಿಲ್ಲ, ದೋಣಿಯಿಲ್ಲ, ಒಳಗೆ ಹೋಗುವ ಟಿಕೆಟ್ಟುಗಳೂ ಬೇರೆ. ವೆನಿಸ್‌ನಲ್ಲಿ ನನಗೂ ನನ್ನ ಅಪ್ಪನಿಗೂ ಮಾತ್ರ ಎಂದು ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡದ್ದಕ್ಕೆ ನಾನು ಕೊಟ್ಟ ಹಣವಿದು. ಒಂದು ಸೆಂಟನ್ನೂ ಇಳಿಸಲಿಲ್ಲ. ನಾನಿರುವ ಡಚ್ಚರ ಊರು ಆಮರ್ಸ್‌ಫೋರ್ಟಿನ ಶನಿವಾರದ ಸಂತೆಗೆ ಅಂಗಡಿ ಎತ್ತುವ ಹೊತ್ತು ನೋಡಿಕೊಂಡು ಹೋಗಿ, ಒಂದು ಪೆಟ್ಟಿಗೆ ಟೊಮೆಟೊವನ್ನು ಅರ್ಧ ಬೆಲೆಗೆ ಹೊತ್ತು ತರುವವಳು ನಾನು. ನನ್ನನ್ನು ಬಲ್ಲವರು ಈ ಮೊತ್ತವನ್ನು ನಂಬಲಿಲ್ಲ. ನಂಬಿದವರು ನಕ್ಕರು. ನಗಲಿ. ಇನ್ನೊಮ್ಮೆ ಹೋದರೂ ಅಷ್ಟನ್ನೇ ಕೊಡುತ್ತೇನೆ. ಯಾಕೆಂದು ಹೇಳಬೇಕಾದರೆ ಮೈಸೂರಿನ ಒಂದು ಹಾಲ್‌ನಿಂದ ಶುರು ಮಾಡಬೇಕು.

ನನ್ನ ಅಪ್ಪ ಮೊಸಾಯಿಕ್ ನೆಲದ ಮೇಸ್ತ್ರಿ. ಸಿಮೆಂಟಿನಲ್ಲಿ ಅಮೃತಶಿಲೆಯ ಚಿಪ್ಸ್ ಕಲಸಿ ಹಾಸಿ, ಒಣಗಿದ ಮೇಲೆ ನೀರು ಹೊಯ್ದು ಮಷೀನಿನಲ್ಲಿ ಉಜ್ಜಿ ಹೊಳಪು ತರಿಸುವ ಆ ನೆಲ ನಿಮ್ಮ ಅಜ್ಜಿಯ ಮನೆಯಲ್ಲೂ ಇದ್ದಿರಬಹುದು. ಮೂವತ್ತೈದು ವರ್ಷ ಅಪ್ಪ ಬೇರೆಯವರ ಮನೆಗಳಲ್ಲಿ ಮಂಡಿಯೂರಿ ಕೂತರು. ಕೊನೆಗೆ ನಮ್ಮದೇ ಒಂದು ಸಣ್ಣ ಮನೆಯಾದಾಗ ಹಾಲ್‌ಗೆ ಹೊಸ ಚಿಪ್ಸ್ ಕೊಳ್ಳುವ ಶಕ್ತಿ ಇರಲಿಲ್ಲ. ಕೆಲಸ ಮಾಡಿದ ಮನೆಗಳಲ್ಲಿ ಮಿಕ್ಕ ಚಿಪ್ಸನ್ನು ಕೇಳಿ ತಂದು ಚೀಲಗಳಲ್ಲಿ ಇಟ್ಟಿದ್ದರು. ಡಾಕ್ಟರ ಮನೆಯ ಹಸಿರು, ಸಿನಿಮಾ ಟಾಕೀಸಿನ ಕಪ್ಪು, ಛತ್ರದ ಬಿಳಿ, ಯಾವುದೋ ವಕೀಲರ ಮನೆಯ ಹಳದಿ. ಎಲ್ಲವನ್ನೂ ಸೇರಿಸಿ ಹಾಕಿದ ನೆಲ ಅದು. ನಾನೂ ಅಕ್ಕನೂ ಅದರ ಮೇಲೆ ಕೂತು ಮಗ್ಗಿ ಕಲಿತೆವು.

ಐದು ವರ್ಷದ ಹಿಂದೆ, ಇಲ್ಲಿ ನನ್ನ ದೋಸೆ ಹಿಟ್ಟಿನ ವ್ಯಾಪಾರ ಕುದುರಿದ ಮೊದಲ ವರ್ಷ, ಊರಿಗೆ ಹೋದವಳು ಆ ನೆಲದ ಮೇಲೆ ವಿಟ್ರಿಫೈಡ್ ಟೈಲ್ ಹಾಕಿಸಿದೆ. ಅಪ್ಪನನ್ನು ಕೇಳಲಿಲ್ಲ. ಅವರಿಗೊಂದು ಸರ್‌ಪ್ರೈಸ್ ಎಂದುಕೊಂಡೆ. ಅಂಗಡಿಯವನ ಹತ್ತಿರ ಎರಡು ಗಂಟೆ ಕೂತು ರೇಟ್ ಇಳಿಸಿದೆ. ಸಾಗಾಣಿಕೆಯನ್ನೂ ಅವನ ತಲೆಗೇ ಕಟ್ಟಿದೆ. ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಹಾಲ್‌ನಲ್ಲಿ ಕೂರುವುದನ್ನು ಬಿಟ್ಟು ಜಗುಲಿಗೆ ಕುರ್ಚಿ ಹಾಕಿಕೊಂಡರು ಎಂದು ಅಕ್ಕ ಫೋನಿನಲ್ಲಿ ಹೇಳಿದಾಗಲೂ ಸೆಕೆಗೆ ಇರಬೇಕು ಎಂದುಕೊಂಡೆ. ನನ್ನ ಬುದ್ಧಿ ವ್ಯಾಪಾರದಲ್ಲಿ ಎಷ್ಟು ಚುರುಕೋ ಇಂಥದ್ದರಲ್ಲಿ ಅಷ್ಟೇ ಮಂದ.

ಹೋದ ವರ್ಷ ಅಪ್ಪ ಮೂರು ತಿಂಗಳಿಗೆಂದು ಆಮರ್ಸ್‌ಫೋರ್ಟಿಗೆ ಬಂದರು. ಮನೆಯೊಳಗೆ ಕಾಲಿಟ್ಟವರು ನಮ್ಮ ಲ್ಯಾಮಿನೇಟ್ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇದು ನೆಲ ಅಲ್ಲ ಕಣವ್ವ. ಚಾಪೆ."

ಟ್ಯೂಲಿಪ್ ತೋಟ ತೋರಿಸಿದೆವು, ಗಾಳಿಯಂತ್ರ ತೋರಿಸಿದೆವು, ಆಮ್‌ಸ್ಟರ್‌ಡ್ಯಾಮಿನ ಕಾಲುವೆಯಲ್ಲಿ ದೋಣಿ ಹತ್ತಿಸಿದೆವು. "ಚೆನ್ನಾಗೈತೆ" ಎಂದರು, ಅನ್ನ ಬಡಿಸಿದಾಗ "ಸಾಕು" ಅನ್ನುವ ಅದೇ ದನಿಯಲ್ಲಿ. ಏಳನೇ ವಾರ ನಮ್ಮ ಬೀದಿಯ ಇಟ್ಟಿಗೆಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಲು ಕೆಲಸದವರು ಬಂದರು. ಇಲ್ಲಿ ರಸ್ತೆಯೆಂದರೆ ಮರಳಿನ ಮೇಲೆ ಕೂರಿಸಿದ ಇಟ್ಟಿಗೆ. ಕೊಳವೆ ಕೆಟ್ಟರೆ ಬಿಚ್ಚುತ್ತಾರೆ, ಸರಿಮಾಡಿ ಅದೇ ಇಟ್ಟಿಗೆಯನ್ನು ವಾಪಸ್ಸು ಕೂರಿಸುತ್ತಾರೆ. ಅಪ್ಪ ಮಫ್ಲರ್ ಸುತ್ತಿಕೊಂಡು ನಾಲ್ಕು ದಿನ ಬಾಗಿಲಲ್ಲಿ ನಿಂತರು. ಒಬ್ಬನ ಮಂಡಿಗೆ ಕಟ್ಟಿದ್ದ ದಪ್ಪ ರಬ್ಬರಿನ ಪ್ಯಾಡನ್ನು ಬಗ್ಗಿ ಮುಟ್ಟಿಯೇ ಬಿಟ್ಟರು. ಅವನು ನಕ್ಕು ಕಾಲು ಮುಂದೆ ಚಾಚಿದ.

"ನಮ್ ಕಾಲಕ್ಕೆ ಇದೊಂದು ಇದ್ದಿದ್ರೆ," ಎಂದರು ಒಳಗೆ ಬಂದು, ತಮ್ಮ ಮಂಡಿ ಉಜ್ಜಿಕೊಳ್ಳುತ್ತ. "ಅವ್ರು ಕಿತ್ರೂ ಒಡೆಯಲ್ಲ ನೋಡು. ಅದೇ ಇಟ್ಟಿಗೇನ ತಿರ್ಗಾ ಇಡ್ತಾರೆ."

ಅಷ್ಟೇ ಹೇಳಿದ್ದು. ಹಿಟ್ಟು ರುಬ್ಬುತ್ತಿದ್ದವಳ ಕೈ ನಿಂತಿತು. ನಾಲ್ಕು ವರ್ಷದಿಂದ ಅವರು ಆಡದ ಮಾತು ಯಾವುದೆಂದು ಆಗ ತಿಳಿಯಿತು. ಅವರು ಹೊರಡಲು ಐದು ವಾರವಿತ್ತು. ಅಷ್ಟರಲ್ಲಿ ಏನಾದರೂ ಮಾಡಬೇಕು. ಟ್ಯೂಲಿಪ್ ತೋರಿಸಿ ಕಳಿಸಿದರೆ ನನ್ನನ್ನು ನಾನೇ ಕ್ಷಮಿಸುವುದಿಲ್ಲ ಎನ್ನಿಸಿತು.

ದಾರಿ ತೋರಿಸಿದವಳು ಹತ್ತಿರದ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಓದುವ ಧಾರವಾಡದ ಹುಡುಗಿ, ನನ್ನ ಹಿಟ್ಟಿನ ಗಿರಾಕಿ. ಡಬ್ಬಿ ತೆಗೆದುಕೊಂಡು ಹೋಗಲು ಬಂದವಳು ಅಪ್ಪನ ಜೊತೆ ಮಾತಿಗೆ ಕೂತಳು.

"ಮೊಸಾಯಿಕ್ ನೆಲ ಏನ್ರಿ ಕಾಕಾ? ಹಂಗಾರ ವೆನಿಸ್‌ಗೆ ಹೋಗ್ರಿ. ಹಳೇ ಮನಿಯೊಳಗ ಎಲ್ಲಾ ಇದ ನೆಲಾ ಅದಾವು. ಅಲ್ಲಿಂದನ ಜಗತ್ತಿಗೆಲ್ಲಾ ಹಬ್ಬೇತಂತ."

"ಸುಮ್ನಿರವ್ವ. ನಮ್ದು ಸಿಮೆಂಟ್ ಕೆಲ್ಸ," ಎಂದರು ಅಪ್ಪ. ಆದರೆ ಅವಳು ಹೋದ ಮೇಲೂ ಎರಡು ಸಲ ಕೇಳಿದರು, ಆ ಊರಿನ ಹೆಸರೇನಂದ್ಳು ಎಂದು.

ನನ್ನ ಗಂಡ ಲೆಕ್ಕದ ಮನುಷ್ಯ. "ಗುಂಪಿನ ಟೂರಿಗೆ ತಲೆಗೆ ಇಪ್ಪತ್ತೈದು ಯೂರೋ ಕಣೇ. ಕಿವಿಗೆ ಮಷೀನ್ ಕೊಡ್ತಾರೆ, ಛತ್ರಿ ಹಿಡ್ಕೊಂಡು ಒಬ್ರು ಮುಂದೆ ಹೋಗ್ತಾರೆ, ಮುಗೀತು."

"ಆ ಛತ್ರಿ ಹಿಂದೆ ಅಪ್ಪನ ಮಂಡಿ ಓಡುತ್ತೇನ್ರೀ?"

"ಯೂಟ್ಯೂಬಲ್ಲಿ ತೋರ್ಸು."

"ನಿಮ್ಮಪ್ಪ ಬಂದಾಗ ತೋರಿಸೋಣ ಬಿಡಿ, ಯೂಟ್ಯೂಬಲ್ಲಿ."

ಅಲ್ಲಿಗೆ ಆ ಮಾತು ಮುಗಿಯಿತು.

ಗೈಡ್ ನನ್ನ ವಯಸ್ಸಿನ ಹೆಂಗಸು. ಮೊದಲ ಇಮೇಲಿನಲ್ಲಿ ಹನ್ನೊಂದು ಜಾಗದ ಪಟ್ಟಿ ಕಳಿಸಿದರು. ಕೊನೆಯದು ಗಾಜಿನ ಕಾರ್ಖಾನೆ, ಪ್ರವೇಶ ಉಚಿತ. ಮೈಸೂರಿನ ಆಟೋದವರು ಪ್ರವಾಸಿಗಳನ್ನು ಸೀರೆ ಅಂಗಡಿಗೆ ಉಚಿತವಾಗಿ ಕರೆದೊಯ್ಯುವುದನ್ನು ನೋಡುತ್ತ ಬೆಳೆದವಳಿಗೆ ಆ ಉಚಿತದ ಅರ್ಥ ಹೇಳಿಕೊಡಬೇಕಿಲ್ಲ. ನಾನು ಬರೆದೆ: ಬೆಲೆ ಒಪ್ಪಿದೆ, ಪಟ್ಟಿ ಒಪ್ಪಿಲ್ಲ. ಹನ್ನೊಂದರಲ್ಲಿ ಒಂಬತ್ತನ್ನು ತೆಗೆಯಿರಿ. ನಮಗೆ ಬರೀ ನೆಲ ತೋರಿಸಿ. ಒಂದು ದಿನ ಉತ್ತರ ಬರಲಿಲ್ಲ. ಆಮೇಲೆ ಒಂದೇ ಸಾಲು ಬಂತು: ಯಾವ ನೆಲ? ಅಪ್ಪ ಮೊಸಾಯಿಕ್ ನೆಲದ ಮೇಸ್ತ್ರಿ ಎಂದು ಉತ್ತರಿಸಿದೆ; ಪಟ್ಟಿಯಲ್ಲಿ ಎರಡು ಜಾಗ ಉಳಿದವು.

ಐಂಡ್‌ಹೋವನ್‌ನಿಂದ ಅಗ್ಗದ ವಿಮಾನ ಹಿಡಿದು ಹೋದೆವು. ದಾರಿಯಲ್ಲಿ ಅಪ್ಪ ಕೇಳಿದರು, "ಆ ಗೈಡಮ್ಮಂಗೆ ಎಷ್ಟು?"

"ನಲವತ್ತು," ಎಂದೆ.

ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡ ಚೌಕದ ಚರ್ಚಿನಿಂದ ಆರಂಭಿಸಿದೆವು. ಒಳಗೆ ಎಲ್ಲರ ತಲೆಯೂ ಮೇಲಕ್ಕೆ. ಚಿನ್ನದ ಚಾವಣಿ, ಅದರ ತುಂಬ ಸಂತರು. ಗೈಡ್ ಕೂಡ ಅಭ್ಯಾಸಬಲದಿಂದ ಮೇಲಕ್ಕೇ ಕೈ ತೋರಿಸಿ ಶುರುಮಾಡಿದರು. ಅಪ್ಪ ಮಾತ್ರ ಕೆಳಗೆ ನೋಡುತ್ತ ನಿಂತಿದ್ದರು. ಬಣ್ಣಬಣ್ಣದ ಕಲ್ಲಿನ ಚೂರುಗಳ ಆ ನೆಲ ಗಾಳಿಗೆ ಅಲುಗಿದ ಕೆರೆಯ ನೀರಿನ ಹಾಗೆ ಎದ್ದು ಬಿದ್ದಿತ್ತು.

"ಇದೇನವ್ವ, ರಸಮಟ್ಟ ಇಟ್ಟಿಲ್ವ ಇವ್ರು?"

ನಾನು ಇಂಗ್ಲಿಷಿಗೆ ತಿರುಗಿಸಿದೆ. ಗೈಡ್ ನಕ್ಕರು. ಹಾಕಿದಾಗ ಮಟ್ಟವಾಗಿಯೇ ಇತ್ತಂತೆ. ಕೆಳಗಿರುವುದು ಕೆಸರು, ಕಟ್ಟಡ ನೂರಾರು ವರ್ಷದಲ್ಲಿ ಅಲ್ಲಲ್ಲಿ ಕುಸಿದಿದೆ ಎಂದರು.

"ಒಡ್ದಿಲ್ಲ, ಬಗ್ಗೈತೆ," ಎಂದರು ಅಪ್ಪ. "ಸಣ್ಣ ಚೂರು ಕಣವ್ವ, ಅದಕ್ಕೇ. ದೊಡ್ಡ ಚಪ್ಪಡಿ ಆಗಿದ್ರೆ ಸೀಳ್ಕೊಂಡ್ಬಿಡೋದು." ಹಾಗೆನ್ನುತ್ತಲೇ ಹಗ್ಗ ಕಟ್ಟಿದ ದಾರಿಯ ಅಂಚಿನಲ್ಲಿ, ನನ್ನ ಭುಜ ಹಿಡಿದು, ಒಂದೊಂದೇ ಮಂಡಿ ಮಡಿಸಿ ಕೂತುಬಿಟ್ಟರು. ಅಂಗೈಯನ್ನು ಆ ಉಬ್ಬಿನ ಮೇಲೆ ಆಡಿಸಿದರು. ಹಿಂದೆ ಸಾಲು ನಿಂತಿತು. ಯಾರೋ ಲೊಚಗುಟ್ಟಿದರು. ಕಾವಲಿನವನು ಬಂದು ಮುಂದೆ ಹೋಗಿ ಎಂದು ಕೈ ಬೀಸಿದ. ಪಕ್ಕಕ್ಕೆ ಸರಿದು ಜನಕ್ಕೆ ದಾರಿ ಬಿಟ್ಟೆ, ಆದರೆ ಅಪ್ಪನ ಮುಂದಿನಿಂದ ಕದಲಲಿಲ್ಲ.

"ಪ್ರಾರ್ಥನೆಯೇ?" ಎಂದು ಅವನು ಕೇಳಿದ.

"ಕೆಲಸ ನೋಡುತ್ತಿದ್ದಾರೆ," ಎಂದೆ. "ಅವರೂ ನೆಲದ ಮೇಸ್ತ್ರಿ."

ಅವನು ಅಪ್ಪನ ಕೈ ನೋಡಿದ. ನಮ್ಮ ಪಕ್ಕದಲ್ಲೇ ನಿಂತು ಸಾಲನ್ನು ಆಚೆ ಕಳಿಸತೊಡಗಿದ.

ಅಲ್ಲಿಂದ ಗೈಡಿನ ನಡಿಗೆ ನಿಧಾನವಾಯಿತು. ಎರಡನೆಯದು ಒಬ್ಬ ಹಳೆಯ ಶ್ರೀಮಂತನ ಮನೆ, ಈಗ ವಸ್ತುಸಂಗ್ರಹಾಲಯ. ಮಹಡಿಯ ಹಜಾರಕ್ಕೆ ಕಾಲಿಟ್ಟೊಡನೆ ಅಪ್ಪ ನನ್ನ ಮೊಣಕೈ ಹಿಡಿದರು. ನಮ್ಮ ಮೊಸಾಯಿಕ್! ಸಿಮೆಂಟಿನ ಬದಲು ಸುಣ್ಣ, ಹೊಳಪಿಗೆ ಅಗಸೆ ಎಣ್ಣೆ ಎಂದು ಗೈಡ್ ಹೇಳಿದರು. ಉಳಿದದ್ದೆಲ್ಲ ಅದೇ; ಚೂರು ಎರಚಿ, ಒತ್ತಿ, ಉಜ್ಜಿದ ಕೆಲಸ. ಅಪ್ಪ ಕಿಟಕಿಯ ಬೆಳಕಿಗೆ ಓರೆಯಾಗಿ ಬಗ್ಗಿದರು.

"ಇಲ್ಲೊಂದು ತೇಪೆ. ಅಲ್ಲೊಂದು. ಬಾಗ್ಲತ್ರ ದೊಡ್ದು, ಅದು ಬೇರೆ ಕೈ."

ಗೈಡ್ ಬಗ್ಗಿ ನೋಡಿದರು. ಇಷ್ಟು ವರ್ಷದಿಂದ ಇದರ ಮೇಲೆ ಓಡಾಡುತ್ತಿದ್ದೇನೆ, ಒಂದನ್ನೂ ಕಂಡಿರಲಿಲ್ಲ ಎಂದರು. ಚೀಲದಿಂದ ಪುಸ್ತಕ ತೆಗೆದು, "ಬೇರೆ ಕೈ ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದರು. ಚಿಪ್ಸ್ ಎರಚುವಾಗ ಒಬ್ಬೊಬ್ಬರ ಮಣಿಕಟ್ಟು ಒಂದೊಂದು ಕಡೆ ತಿರುಗುತ್ತದೆ, ದೊಡ್ಡ ಚೂರು ಆ ಕಡೆಗೇ ಹೆಚ್ಚು ಬೀಳುತ್ತದೆ ಎಂದು ಅಪ್ಪ ಗಾಳಿಯಲ್ಲೇ ಎರಚಿ ತೋರಿಸಿದರು. ಗೈಡ್ ಬರೆದುಕೊಂಡರು. ಮೂರು ಗಂಟೆ ಮುಗಿದ ಮೇಲೂ ನಲವತ್ತು ನಿಮಿಷ ನಮ್ಮ ಜೊತೆಗಿದ್ದರು. ನಾನು ಬಾಯಿಬಿಟ್ಟು ಕೇಳದೆ ಪಡೆದ ಒಂದೇ ರಿಯಾಯಿತಿ ಅದು.

ಮಧ್ಯಾಹ್ನ ಕಾಲುವೆಯ ಪಕ್ಕ ಕಲ್ಲುಬೆಂಚಿನ ಮೇಲೆ ಕೂತು ಚಪಾತಿ ಬಿಚ್ಚಿದೆವು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡೆ.

"ಅಪ್ಪಾ, ಹಾಲ್‌ಗೆ ಟೈಲ್ ಹಾಕಿಸಿದ್ದು ತಪ್ಪಾಯ್ತು."

ಅವರು ಚಪಾತಿ ಮುರಿಯುತ್ತಲೇ ಇದ್ದರು. "ಬರೀ ಮೇಲೆ ಹಾಕಿದ್ರೆ ಏನಾಗ್ತಿರ್ಲಿಲ್ಲ. ಸಿಮೆಂಟ್ ಹಿಡೀಲಿ ಅಂತ ಕೆಳಗಡೆ ಚಚ್ಚುದ್ರು. ಗೇಣಿಗೊಂದು ಗುಳಿ. ನಾನೇ ನಿಂತು ನೋಡ್ದೆ."

"ಬೇಡ ಅನ್ಬಾರ್ದಿತ್ತಾ?"

"ರೇಟು ಎಷ್ಟು ಇಳ್ಸಿದ್ದೆ ಅಂತ ಬೀದಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ ಕಣವ್ವ ನೀನು. ಅಷ್ಟು ಖುಷಿಯಾಗಿದ್ದೆ."

ಒಂದು ದೋಣಿ ಹೋಯಿತು, ನೀರು ಮೆಟ್ಟಿಲಿಗೆ ಬಡಿಯಿತು.

"ಟೈಲ್ ಎಬ್ಬಿಸಿ ಗುಳಿಗೆ ತೇಪೆ ಹಾಕ್ಬೋದಾ?" ಎಂದೆ. "ಆ ಚಿಪ್ಸ್ ಈಗ ಎಲ್ಲಿ ಸಿಗುತ್ತೆ?"

"ಯಾವ್ದಾದ್ರೇನು? ಮೊದ್ಲೇನು ಒಂದೇ ಥರ ಇತ್ತಾ?" ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಲವತ್ತಕ್ಕೆ ಮೂರೂವರೆ ಗಂಟೆ ಯಾವ ಕೆಲ್ಸದೋರು ಬರ್ತಾರೆ? ನಾನೂ ಕೂಲಿ ಮಾತಾಡ್ದೋನೇ. ಎಷ್ಟು ಕೊಟ್ಟೆ?"

ಹೇಳಿದೆ. ಅಪ್ಪ ತಲೆ ಆಡಿಸಿದರು. "ಕೆಲ್ಸ ಕಲ್ತೋಳು. ಕೊಡ್ಬೇಕು."

ಮರಳಿದ ಮೇಲೆ ಇಲ್ಲಿಯ ಕನ್ನಡದವರ ಕೂಟದಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಎಲ್ಲರೂ ಕೇಳಿದ್ದೇ ಕೇಳಿದ್ದು. ಗೊಂಡೋಲಾ ಹತ್ತಲಿಲ್ವಾ? ಆ ಸೇತುವೆ ಮೇಲೆ ಫೋಟೋ ಇಲ್ವಾ? "ಅಷ್ಟು ದುಡ್ಡು ಸುರಿದು ನೆಲ ನೋಡ್ಕೊಂಡು ಬಂದ್ರಾ?" ಎಂದು ಒಬ್ಬರು ಎಲ್ಲರಿಗೂ ಕೇಳುವಂತೆ ಅಂದರು. ಹೌದು, ನೆಲವನ್ನೇ ನೋಡಿ ಬಂದೆವು ಎಂದೆ. ನಿಮ್ಮ ಫೋಟೋದಲ್ಲಿ ನಿಮ್ಮ ಕಾಲ ಕೆಳಗೆ ಏನಿತ್ತು ಹೇಳಿ ಎಂದು ಕೇಳಿದೆ. ಅವರು ಮೊಸರನ್ನ ಬಡಿಸಿಕೊಳ್ಳಲು ಹೋದರು.

ಈ ಚಳಿಗಾಲ ಮೈಸೂರಿಗೆ ಹೋಗಿ ಹಾಲ್‌ನ ಒಂದು ಮೂಲೆಯಲ್ಲಿ ಎಂಟು ಟೈಲ್ ಎಬ್ಬಿಸಿದೆ. ಎರಡನ್ನು ಬಿಟ್ಟು ಉಳಿದವೆಲ್ಲ ಪುಡಿಯಾದವು. ಅಕ್ಕ ಮೂಗಿಗೆ ಸೆರಗು ಹಿಡಿದು, "ಚೆನ್ನಾಗಿರೋದನ್ನ ಒಡೀತಾರಾ ಯಾರಾದ್ರೂ? ದುಡ್ಡು ಹೆಚ್ಚಾಗಿದೆ ನಿಂಗೆ," ಎಂದಳು. ಚೆನ್ನಾಗಿದ್ದದ್ದನ್ನು ಐದು ವರ್ಷದ ಹಿಂದೆಯೇ ಒಡೆಸಿದ್ದೇನೆ, ಈಗ ಒಡೆಯುತ್ತಿರುವುದು ಬೇರೆ ಎಂದೆ. ಧೂಳು ಗುಡಿಸಿದಾಗ ಡಾಕ್ಟರ ಮನೆಯ ಹಸಿರು ಕಂಡಿತು. ಗುಳಿಗಳೂ ಕಂಡವು, ಎಣಿಸಲಿಲ್ಲ. ಅಪ್ಪ ಆಮರ್ಸ್‌ಫೋರ್ಟಿನಿಂದ ನಾನು ತಂದ ಮಂಡಿಪ್ಯಾಡ್ ಕಟ್ಟಿಕೊಂಡು, ಕರಣೆ ಹಿಡಿದು ಕೂತರು. ದಿನಕ್ಕೆ ಅರ್ಧ ಗಂಟೆ, ಮೂರೋ ನಾಲ್ಕೋ ಗುಳಿ. ಇಡೀ ಹಾಲ್ ಮುಗಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಕುರ್ಚಿ ಮಾತ್ರ ಜಗುಲಿಯಿಂದ ಒಳಗೆ ಬಂದಿದೆ.

ಈಗ ನಿಮಗೆ ಹೇಳುವುದು. ಅಪ್ಪ ಅಮ್ಮ ಷೆಂಗೆನ್ ವೀಸಾದಲ್ಲಿ ಬಂದಿದ್ದರೆ ಇಟಲಿಗೆ ಬೇರೆ ವೀಸಾ ಬೇಡ, ಆ ದಿನಗಳನ್ನು ಪೋಲು ಮಾಡಬೇಡಿ. ಗುಂಪಿನ ಟೂರು ಅಗ್ಗವೇ, ಆದರೆ ಅದು ಗಟ್ಟಿ ಮಂಡಿಯವರಿಗೆ. ಖಾಸಗಿ ಗೈಡ್ ಹಿಡಿದರೆ ಬೆಲೆಗೆ ಜಗ್ಗಬೇಡಿ. ಬೆಲೆ ಇಳಿಸಿದವರು ನಿಮ್ಮನ್ನು ಯಾವುದಾದರೂ ಅಂಗಡಿಗೆ ಮುಟ್ಟಿಸಿ ಅದನ್ನು ವಸೂಲು ಮಾಡುತ್ತಾರೆ. ಪಟ್ಟಿಗೆ ಜಗ್ಗಿ. ಮೂರು ಗಂಟೆಗೆ ಎರಡೇ ಜಾಗ, ನಡುವೆ ಕೂರಲು ಬೆಂಚು, ಒಂದು ಶೌಚಾಲಯ, ಇಷ್ಟನ್ನು ಮೊದಲೇ ಬರೆಸಿಕೊಳ್ಳಿ. ಅದಕ್ಕೂ ಮೊದಲು, ನಿಮ್ಮ ಹಿರಿಯರು ಜೀವಮಾನವೆಲ್ಲ ಏನು ಕೆಲಸ ಮಾಡಿದರು ಎಂದು ಗೈಡಿಗೆ ಒಂದು ಸಾಲು ಬರೆಯಿರಿ. ಬಡಗಿಯಾದರೆ ಬಾಗಿಲು ತೋರಿಸಲಿ, ಅಡುಗೆಯವರಾದರೆ ಸಂತೆ ತೋರಿಸಲಿ. ಊರಿನ ಮನೆಗೆ ಟೈಲ್ ಹಾಕಿಸುವವರಿದ್ದರೆ ಅಂಗಡಿಗೆ ಹೋಗುವ ಮುಂಚೆ, ಹಳೆಯ ನೆಲ ಹಾಕಿದವರು ಮನೆಯಲ್ಲೇ ಇದ್ದಾರೇನೋ ಕೇಳಿ. ಹಾಕಿಸಲೇಬೇಕು ಎಂದಾದರೆ, ಕೆಳಗೆ ಚಚ್ಚದೆ ಗೋಂದಿನಲ್ಲಿ ಅಂಟಿಸುವ ಕೆಲಸದವರನ್ನು ಹುಡುಕಿ. ರೇಟು ಸ್ವಲ್ಪ ಹೆಚ್ಚು. ಕೊಡಿ.